ದೂರು ಕೊಟ್ಟವರ ಹೆಸರು

ದೀಪ್ತಿಯ ಕೆಲಸಕ್ಕೆ ಆಯುಷ್ಯ ನೂರ ಎಪ್ಪತ್ತೊಂಬತ್ತು ದಿನ. ನೂರ ಎಂಬತ್ತಾದರೆ ಸರ್ಕಾರಕ್ಕೆ ಏನು ಕುತ್ತೋ ದೇವರಿಗೇ ಗೊತ್ತು, ಅಷ್ಟರೊಳಗೆ ಮನೆಗೆ ಕಳುಹಿಸುತ್ತಾರೆ. ಆಮೇಲೆ ಮತ್ತೊಮ್ಮೆ ಇಂಟರ್‌ವ್ಯೂ ಮಾಡಿ, ಮೊದಲ ಸಲ ನೋಡಿದವರಂತೆ ಹೆಸರು ಕೇಳಿ, ಅದೇ ಕುರ್ಚಿಯಲ್ಲಿ ಕೂರಿಸುತ್ತಾರೆ. ಹೀಗೆ ನಾಲ್ಕು ಸಲ ಹೊಸಬಳಾದವಳು ಅವಳು. ಕನ್ನಡದಲ್ಲಿ ಬಂದ ಅರ್ಜಿ, ದೂರುಗಳನ್ನು ಮಲಯಾಳಕ್ಕೆ ಮಾಡಿಕೊಡುವುದು ಅವಳ ಕೆಲಸ. ಆ ಸರ್ಕಾರಿ ಕಚೇರಿಯಲ್ಲಿದ್ದವರೆಲ್ಲ ಕೇರಳದ ತೆಂಕು ಜಿಲ್ಲೆಗಳಿಂದ ವರ್ಗವಾಗಿ ಬಂದವರು. ಕಾಸರಗೋಡಿಗೆ ಬಂದ ದಿನವೇ ವಾಪಸು ಹೋಗುವ ಅರ್ಜಿ ಬರೆದಿಟ್ಟ ಜನ, ಅವರು ಕನ್ನಡ ಯಾವಾಗ ಕಲಿಯುವುದು?

ಸೂಪರಿಂಟೆಂಡೆಂಟ್ ಜಯಂತ್ ಸಾರ್ ಕೆಟ್ಟವರಲ್ಲ, ಮಹಾ ಸೋಮಾರಿ. ಆನ್‌ಲೈನ್ ದೂರುಗಳು ತೆರೆಯುವುದು ಅವರ ಲಾಗಿನ್ನಿನಲ್ಲಿ ಮಾತ್ರ. ಕನ್ನಡದ ದೂರು ಬಂದಾಗಲೆಲ್ಲ ಕುರ್ಚಿ ಬಿಟ್ಟು ಎದ್ದು ಬರುವುದು ಅವರಿಗೆ ಬೇಜಾರು. ಎರಡನೇ ವಾರವೇ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನಿಗೆ ಪಾಸ್‌ವರ್ಡ್ ಬರೆದು ಅವಳ ಕೈಗಿಟ್ಟರು. ದೂರಿನ ಕೆಳಗಡೆ, ಪರದೆಯನ್ನು ಇನ್ನಷ್ಟು ಸರಿಸಿದರೆ, ದೂರು ಕೊಟ್ಟವರ ಹೆಸರು, ಮನೆ, ಫೋನ್ ನಂಬರು. ಹೆಸರು ಗುಟ್ಟಾಗಿರಲಿ ಎಂದವರದ್ದೂ ಅಲ್ಲಿರುತ್ತದೆ. ದೀಪ್ತಿ ಎರಡು ವರ್ಷದಲ್ಲಿ ಒಂದು ದಿನವೂ ಪರದೆಯನ್ನು ಅಷ್ಟು ಕೆಳಗೆ ಸರಿಸಿರಲಿಲ್ಲ. ಯಾರೂ ಕಾವಲಿರಲಿಲ್ಲ, ಆದರೂ ಸರಿಸಿರಲಿಲ್ಲ.

ಪೆರ್ಲದ ಕಡೆಯ ಗುಡ್ಡದ ಕೆಂಪುಕಲ್ಲಿನ ಕೋರೆಯ ಮೇಲೆ ದೂರು ಬಂದಾಗಲೂ ಅವಳು ಮೇಲಿನ ಭಾಗವನ್ನಷ್ಟೇ ಓದಿ ಮಲಯಾಳಕ್ಕೆ ಮಾಡಿದಳು. ಪರವಾನಗಿ ಇಲ್ಲ, ಬಾವಿಯ ಗೋಡೆ ಬಿರಿದಿದೆ, ನೀರು ಕೆಂಪಾಗಿದೆ ಎಂದು ಅಚ್ಚುಕಟ್ಟಾಗಿ ಬರೆದಿತ್ತು. ಇಷ್ಟು ಚೊಕ್ಕ ಕನ್ನಡ ಬರೆಯುವವರು ಈಗಲೂ ಇದ್ದಾರಲ್ಲ ಎಂದುಕೊಂಡು ಮುಂದಿನ ದೂರಿಗೆ ಹೋದಳು. ಹದಿನೈದು ದಿನದಲ್ಲಿ ಅಧಿಕಾರಿಗಳು ಹೋಗಿ ಕೋರೆ ನಿಲ್ಲಿಸಿದರು.

ಆ ಕೋರೆಯಲ್ಲಿ ಟಿಪ್ಪರ್ ಓಡಿಸುತ್ತಿದ್ದವನು ಅವಳ ಅಣ್ಣ ಸುಧೀರ್. ಅಪ್ಪ ಹೋದ ಮೇಲೆ ಅವಳನ್ನು ಓದಿಸಿದವನು, ನಾಲ್ಕು ಇಂಟರ್‌ವ್ಯೂಗೂ ಬೈಕಿನಲ್ಲಿ ಕರೆತಂದು ಹೊರಗೆ ಬಿಸಿಲಿನಲ್ಲಿ ನಿಂತವನು. ಈಗ ಎರಡು ತಿಂಗಳಿಂದ ಜಗಲಿಯಲ್ಲಿ ಕೂತು ದಾರಿ ನೋಡುತ್ತಿದ್ದ.

“ಯಾರು ಬರೆದದ್ದು ಅಂತ ಒಂದು ಹೆಸರು ಹೇಳು ಮಾರಾಯ್ತಿ” ಎಂದ ಒಂದು ದಿನ. “ಜಗಳಕ್ಕೆ ಅಲ್ಲ. ಹೋಗಿ ಕೈ ಮುಗಿದು ಕೇಳ್ತೇನೆ. ಹನ್ನೆರಡು ಮನೆಯ ಗಂಜಿ ಉಂಟು ಅದರಲ್ಲಿ.”

“ಅದೆಲ್ಲ ನೋಡ್ಲಿಕ್ಕೆ ಇಲ್ಲ ಅಣ್ಣ.”

“ನೋಡ್ಲಿಕ್ಕೆ ಇಲ್ವಾ? ನೋಡಿದ್ರೆ ಕಾಣುದಿಲ್ವಾ?”

ಕಾಣುವುದಿಲ್ಲ ಎಂದು ಅವಳು ಒಂದು ಸುಳ್ಳು ಹೇಳಿಬಿಡಬಹುದಿತ್ತು. ಅಷ್ಟು ಸಣ್ಣ ಸುಳ್ಳು ಬಾಯಿಗೆ ಬರಲಿಲ್ಲ ನೋಡಿ, ಆಮೇಲೆ ಎಷ್ಟು ದೊಡ್ಡದಕ್ಕೆ ಬಂತು!

ಮರುದಿನ ಎಲ್ಲರೂ ಊಟಕ್ಕೆ ಎದ್ದ ಹೊತ್ತಿನಲ್ಲಿ ಅವಳು ಆ ದೂರನ್ನು ತೆರೆದು ಪರದೆಯನ್ನು ಕೆಳಗೆ ಸರಿಸಿದಳು. ಸೌದಾಮಿನಿ, ನಿವೃತ್ತ ಅಧ್ಯಾಪಿಕೆ.

ಅವಳಿಗೆ ಹೆದರಿಕೆ ಆಗಬೇಕಿತ್ತು. ಆದದ್ದು ಸಂತೋಷ! ಅಯ್ಯೋ, ನಮ್ಮ ಟೀಚರಾ! ಅಣ್ಣ ತಂಗಿ ಇಬ್ಬರಿಗೂ ಕನ್ನಡ ಕಲಿಸಿದವರು, ಸುಧೀರನ ಕಿವಿ ಹಿಂಡಿ ಆಮೇಲೆ ತಮ್ಮ ಬುತ್ತಿಯ ಮೊಸರನ್ನ ಕೊಟ್ಟವರು. ಗುರುತಿಲ್ಲದವರಾಗಿದ್ದರೆ ಅವಳು ಖಂಡಿತ ಬಾಯಿ ಬಿಡುತ್ತಿರಲಿಲ್ಲ. ಟೀಚರ್ ಎಂಬ ಧೈರ್ಯದಲ್ಲೇ ಸಂಜೆ ಹೇಳಿಬಿಟ್ಟಳು.

“ಹೋಗಿ ಕಾಲಿಗೆ ಬೀಳು ಅಣ್ಣ. ನಿನಗೆ ಅವರು ಇಲ್ಲ ಅಂತ ಹೇಳುವವರಲ್ಲ.”

ಅವನು ಹೋಗಲಿಲ್ಲ. ಟೀಚರ ಎದುರು ನಿಲ್ಲಲು ನಾಚಿಕೆಯಾಯಿತಂತೆ. ಧನಿಯ ಹತ್ತಿರ ಹೇಳಿದ. ಧನಿ ಕೋರೆ ನಡೆಸುವವರು, ನಾಲ್ಕು ಜನರನ್ನು ಬಲ್ಲವರು, “ನಾನು ಮಾತಾಡ್ತೇನೆ ಬಿಡು” ಎಂದರಂತೆ. ಐದನೇ ದಿನ, ಟೀಚರ್ ಮತ್ತು ಅವರ ತಂಗಿ ಮದುವೆಗೆಂದು ಹೋಗಿದ್ದಾಗ, ಎರಡು ಲೋಡು ಕೋರೆಯ ಮಣ್ಣು ಅವರ ಬಾವಿಗೆ ಬಿತ್ತು.

“ನಾನಲ್ಲ ಓಡಿಸಿದ್ದು” ಎಂದ ಸುಧೀರ್. ಮುಖ ಬಿಳಿಚಿತ್ತು. “ಟಿಪ್ಪರಿನ ಕೀ ಕೇಳಿದ್ರು. ಕೊಟ್ಟೆ. ಎಂತಕ್ಕೆ ಅಂತ ನನಗೆ ಗೊತ್ತಿತ್ತಾ?”

ಸಾರ್ ಪಾಸ್‌ವರ್ಡ್ ಕೊಟ್ಟರು, ಇವಳು ಹೆಸರು ಕೊಟ್ಟಳು, ಅವನು ಕೀ ಕೊಟ್ಟ. ಬಾವಿ ಮುಚ್ಚಿದವರು ಮಾತ್ರ ಯಾರೂ ಅಲ್ಲ! ದೀಪ್ತಿ ಆ ದಿನ ಅಣ್ಣನಿಗೆ ಬೈಯಲೂ ಆಗದೆ, ಊಟ ಮಾಡಲೂ ಆಗದೆ ತಟ್ಟೆಯ ಮುಂದೆ ಕೂತಳು.

ಸೋಮವಾರ ಹನ್ನೊಂದು ಗಂಟೆಗೆ ಸೌದಾಮಿನಿ ಟೀಚರ್ ಕಚೇರಿಗೆ ಬಂದರು. ಶಾಲೆಗೆ ಬರುತ್ತಿದ್ದಾಗಿನಂತೆ ಅದೇ ಇಸ್ತ್ರಿ ಮಾಡಿದ ಕಾಟನ್ ಸೀರೆ, ಆದರೆ ಅಂಚಿನಲ್ಲಿ ಕೆಂಪು ಮಣ್ಣು. ಬಂದವರೇ ಸೀದಾ ದೀಪ್ತಿಯ ಮೇಜಿನ ಎದುರು ಕೂತು ಅವಳ ಕೈ ಹಿಡಿದುಕೊಂಡರು.

“ನಿನ್ನನ್ನು ನೋಡಿ ಜೀವ ಬಂತು ಮಗಾ. ಆ ದೂರನ್ನು ನಾನು ಕೊಟ್ಟದ್ದೇ ನೀನು ಇಲ್ಲಿದ್ದಿ ಅಂತ ಧೈರ್ಯದಲ್ಲಿ. ಯಾರ್ಯಾರ ಕೈಗೋ ಹೋಗುದಿಲ್ಲ, ನಮ್ಮ ದೀಪ್ತಿ ಓದ್ತಾಳೆ ಅಂತ ತಂಗಿಯ ಹತ್ತಿರ ಹೇಳಿದ್ದೆ. ನಿನಗೆ ಹೆಸರು ಕಾಣುದಿಲ್ಲ ಅಂತ ಗೊತ್ತುಂಟು. ಆದರೆ ಇಲ್ಲಿ ಯಾರಿಗೋ ಕಂಡಿದೆ.”

ಚೀಲದಿಂದ ಎರಡು ಪುಟದ ಕಾಗದ ತೆಗೆದರು. ದುಂಡು ಅಕ್ಷರ, ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದಂಥದ್ದೇ. ಬಾವಿಯ ಸಂಗತಿ ಎಲ್ಲ ಬರೆದು ಕೊನೆಗೆ ಹೀಗಿತ್ತು: ‘ನನ್ನ ಹೆಸರು ಈ ಕಚೇರಿಗಲ್ಲದೆ ಬೇರೆ ಯಾರಿಗೂ ತಿಳಿದಿರಲಿಲ್ಲ. ಕಚೇರಿಯ ಒಳಗಿನವರೇ ಯಾರೋ ಅದನ್ನು ಹೊರಗೆ ಕೊಟ್ಟಿದ್ದಾರೆ. ಅವರು ಯಾರೆಂದು ಪತ್ತೆ ಮಾಡಬೇಕು.’

“ಇದನ್ನು ಮಲಯಾಳಕ್ಕೆ ಮಾಡು. ಒಂದು ಶಬ್ದ ಬಿಡ್ಬೇಡ.”

ದೀಪ್ತಿ ಕಾಗದ ಹಿಡಿದು ಒಳಕೋಣೆಗೆ ಹೋದಳು. ಅಲ್ಲಿ ಜಯಂತ್ ಸಾರ್ ಕೊನೆಯ ಸಾಲುಗಳನ್ನು ಅವಳ ಬಾಯಿಯಿಂದ ಕೇಳಿ ಬಾಗಿಲು ಮುಂದೆ ಮಾಡಿದರು. ಮಲಯಾಳದಲ್ಲಿ, ಬಹಳ ಮೆತ್ತಗೆ ಹೇಳಿದರು: “ಲಾಗಿನ್ ನನ್ನದು. ಬೆರಳು ಯಾರದ್ದು ಅಂತ ನಾನು ಕೇಳುವುದಿಲ್ಲ. ಆ ಮೂರು ವಾಕ್ಯ ಬರುವುದು ಬೇಡ. ನನಗೆ ಪೆನ್ಶನ್‌ಗೆ ಇನ್ನು ಹದಿನಾಲ್ಕು ತಿಂಗಳು ಇದೆ. ನಿನಗೆ ಎಷ್ಟು ದಿನ ಉಳಿದಿದೆ?”

“ಹನ್ನೊಂದು ಸಾರ್.”

“ಹೋಗು, ಬರೆ.”

ಅವಳು ಬಂದು ಬರೆಯಲು ಕೂತಳು. ಟೀಚರ್ ಎದುರಲ್ಲೇ ಕೂತು, ಪರೀಕ್ಷೆಯ ಕೋಣೆಯಲ್ಲಿ ಕೂರುತ್ತಿದ್ದಂತೆ, ತೊಂದರೆ ಕೊಡದೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಬಾವಿಯ ಭಾಗ ಬರೆದಾಯಿತು. ಆ ಮೂರು ವಾಕ್ಯಗಳ ಹತ್ತಿರ ಪೆನ್ನು ನಿಂತಿತು. ‘ನಾನೇ, ಟೀಚರ್’ ಎಂದು ಎರಡು ಶಬ್ದ ಹೇಳಿದರೆ ಮುಗಿಯಿತು. ಆದರೆ ಅಲ್ಲಿಗೆ ಮುಗಿಯುತ್ತದೆಯೇ? ಯಾರಿಗೆ ಹೇಳಿದೆ ಎಂದು ಕೇಳುತ್ತಾರೆ, ಅಣ್ಣನ ಹೆಸರು ಬರುತ್ತದೆ, ಟಿಪ್ಪರಿನ ಕೀ ಬರುತ್ತದೆ, ಪೊಲೀಸರು ಬರುತ್ತಾರೆ. ಬಿಸಿಲಿನಲ್ಲಿ ನಿಂತ ಅಣ್ಣ. ಮೊಸರನ್ನ ಕೊಟ್ಟ ಟೀಚರ್. ಆ ವಾಕ್ಯಗಳನ್ನು ಬಿಟ್ಟಳು. ಅವುಗಳ ಜಾಗದಲ್ಲಿ ‘ದಯವಿಟ್ಟು ಬಾವಿಯನ್ನು ಶೀಘ್ರ ದುರಸ್ತಿ ಮಾಡಿಸಿಕೊಡಬೇಕು’ ಎಂದು ಬರೆದಳು.

ಮೂಲ ಕಾಗದ ಫೈಲಿನಲ್ಲೇ ಇರುತ್ತದೆ, ಯಾರು ಬೇಕಾದರೂ ತೆಗೆದು ನೋಡಬಹುದು. ಆದರೆ ಅದನ್ನು ಓದಬಲ್ಲವಳು ಆ ಕಚೇರಿಯಲ್ಲಿ ಅವಳೊಬ್ಬಳೇ.

“ಕೆಳಗೆ ನಿಮ್ಮ ಸಹಿ ಬೇಕು ಟೀಚರ್. ಓದಿ ಹೇಳ್ಬೇಕಾ?”

“ನೀನು ಬರೆದದ್ದಲ್ವಾ, ಎಂತಕ್ಕೆ ಓದುದು?” ಟೀಚರಿಗೆ ಮಲಯಾಳ ಮಾತು ಅರ್ಥವಾಗುತ್ತದೆ, ಅಕ್ಷರ ಬಾರದು. ಪೆನ್ನು ತೆಗೆದುಕೊಂಡರು. “ಕಚೇರಿಯ ಒಳಗಿನವರೇ ಅಂತ ಬರೆದದ್ದು ಎಲ್ಲಿ ಉಂಟು? ಅದೊಂದು ತೋರಿಸು. ನೋಡುವ ಆಸೆ.”

ದೀಪ್ತಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

ಟೀಚರ್ ಕನ್ನಡಕ ಸರಿಮಾಡಿ ಬಗ್ಗಿದರು. ಅವಳ ಬೆರಳಿನ ಪಕ್ಕದಲ್ಲೇ ತಮ್ಮ ಬೆರಳನ್ನಿಟ್ಟು, ದುರಸ್ತಿಯ ಆ ಸಾಲಿನ ಉದ್ದಕ್ಕೂ ನಿಧಾನ ಎಳೆದರು. ಒಂದನೇ ತರಗತಿಯಲ್ಲಿ ಅವಳ ಬೆರಳು ಹಿಡಿದು ಓದಿಸುತ್ತಿದ್ದದ್ದೂ ಹೀಗೆಯೇ.

“ಚಂದ ಉಂಟು ಅಕ್ಷರ” ಎಂದು ಸಹಿ ಹಾಕಿದರು.

ದೂರನ್ನು ಕಂಪ್ಯೂಟರಿಗೆ ಸೇರಿಸುವಾಗ ಒಂದು ಪ್ರಶ್ನೆ ಕೇಳಲೇಬೇಕು, ಅದು ನಿಯಮ. ದೀಪ್ತಿ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು: “ಹೆಸರು ಗುಟ್ಟಾಗಿ ಇಡ್ಬೇಕಾ ಟೀಚರ್?”

ಟೀಚರ್ ನಕ್ಕರು. ಎದ್ದು ಅವಳ ತಲೆಯ ಮೇಲೆ ಕೈಯಿಟ್ಟರು.

“ಇಡು ಮಗಾ. ನಿನ್ನ ಕೈಯಲ್ಲಿ ಅಲ್ವಾ ಇರುದು.”