ಬಟ್ಟಲಿನ ತಳದ ತಾವರೆ

ನಳಿನಿಯ ಸ್ಟೀಲ್ ಬಟ್ಟಲಿನ ತಳದಲ್ಲಿ ಒಂದು ತಾವರೆ ಹೂವನ್ನು ಕೊರೆದಿದ್ದರು. ತಿಂಡಿ ಪೂರ್ತಿ ಖಾಲಿಯಾದರೆ ಮಾತ್ರ ಅದು ಕಾಣುತ್ತಿತ್ತು. ವಾರದಲ್ಲಿ ಐದು ದಿನ ಕಾಣುತ್ತಿರಲಿಲ್ಲ.

ಅಂದು ಬೆಳಿಗ್ಗೆ ನಾನು ಹಿತ್ತಿಲ ಬಾಗಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದೆ. ಎದುರಿಗೆ ನಳಿನಿ, ಬರೀ ಪೆಟಿಕೋಟಿನಲ್ಲಿ, ತಲೆ ಬಾಚದೆ ಕೂತು ಉಪ್ಪಿಟ್ಟಿನೊಳಗೆ ಬೆರಳಿನಿಂದ ದಾರಿ ಕೊರೆಯುತ್ತಿದ್ದಳು. ಆಗ ಅವಳಿಗೆ ನಾಲ್ಕು ತುಂಬಿತ್ತು.

"ಅಮ್ಮ, ಸಾಸಿವೆ ಕಚ್ಚುತ್ತೆ."

"ಕಚ್ಚಲ್ಲ, ತಿನ್ನು."

"ಕಚ್ಚುತ್ತೆ. ಇಲ್ಲಿ ನೋಡು, ಇದಕ್ಕೆ ಕಾಲಿದೆ."

ಅರ್ಧ ಗಂಟೆಯಿಂದ ಇದೇ ನಡೆದಿತ್ತು. ನಾನು ತಲೆ ಎತ್ತದೆ ಹೇಳಿದೆ: "ನೋಡು, ತಿನ್ನದಿದ್ರೆ ಈಗಲೇ ಸರ್ವಮಂಗಳಮ್ಮನ ಮನೆಗೆ ಹೋಗಿ ಪೊಲೀಸಿಗೆ ಫೋನ್ ಮಾಡ್ತೀನಿ. ಬಂದು ಹಿಡ್ಕೊಂಡು ಹೋಗ್ತಾರೆ."

ನನ್ನ ಅಮ್ಮ ನನಗೆ ಹೇಳುತ್ತಿದ್ದ ಮಾತು ಅದು. ನಮ್ಮ ಬೀದಿಯಲ್ಲಿ ಅದನ್ನು ಹೇಳದ ತಾಯಿಯೇ ಇರಲಿಲ್ಲ. ಹೇಳುವಾಗ ನನ್ನ ಗಮನವೆಲ್ಲ ಒಂದು ಬಿಳಿ ಕಲ್ಲಿನ ಮೇಲಿತ್ತು.

ಆ ಕಲ್ಲನ್ನು ಹೆಕ್ಕುವಷ್ಟರಲ್ಲಿ ಗೋಡೆಯಾಚೆಯಿಂದ ಪಕ್ಕದ ಮನೆಯ ಸರ್ವಮಂಗಳಮ್ಮ ಕೂಗಿದರು. "ಫೋನು ಬಂದಿದೆ ಕಣಮ್ಮಾ! ಬೇಗ ಬಾ!" ಮೊರವನ್ನು ಹಾಗೇ ಬಿಟ್ಟು ಓಡಿದೆ. ಫೋನಿನಲ್ಲಿ ನನ್ನ ತಂಗಿ ಜಲಜಳ ಗಂಡ. "ಅಕ್ಕಾ, ನೋವು ಶುರುವಾಗಿದೆ. ಆಸ್ಪತ್ರೆಗೆ ಸೇರಿಸಿದೀನಿ. ನಿಮ್ಮನ್ನೇ ಕೇಳ್ತಿದಾಳೆ. ಬರುವಾಗ ಹಳೇ ಬಟ್ಟೆ ತನ್ನಿ, ಎಷ್ಟಿದ್ರೆ ಅಷ್ಟು."

ಮನೆಯವರು ಕೆಲಸದ ಮೇಲೆ ಪರವೂರಿಗೆ ಹೋಗಿದ್ದರು. ಕಾರು ಬಾಗಿಲಲ್ಲೇ ನಿಂತಿತ್ತು. ನನಗೆ ಲೈಸೆನ್ಸ್ ಬಂದು ಮೂರು ತಿಂಗಳಾಗಿತ್ತು, ಒಬ್ಬಳೇ ಕಾರನ್ನು ಮಾರುಕಟ್ಟೆಯ ಆಚೆಗೆ ಒಯ್ದಿರಲಿಲ್ಲ. ಹಳೆಯ ಸೀರೆಗಳನ್ನು ಗಂಟು ಕಟ್ಟಿ ಹಿಂದಿನ ಸೀಟಿಗೆ ಎಸೆದೆ. ನಳಿನಿಯನ್ನು ಇದ್ದ ಹಾಗೇ, ಬಟ್ಟಲಿನ ಸಮೇತ ಎತ್ತಿ ಗಂಟಿನ ಪಕ್ಕ ಕೂರಿಸಿದೆ. ಎಲ್ಲಿಗೆ, ಯಾಕೆ ಎಂದು ಅವಳಿಗೆ ಹೇಳಲಿಲ್ಲ. ಕಾರು ಹತ್ತಿದರೆ ನೂರು ಪ್ರಶ್ನೆ ಕೇಳುವ ಹುಡುಗಿ ಅಂದು ಒಂದನ್ನೂ ಕೇಳಲಿಲ್ಲ. ಅದೂ ನನ್ನ ಗಮನಕ್ಕೆ ಬರಲಿಲ್ಲ.

ಹೊಳೆಯ ಸೇತುವೆ ದಾಟುವ ಮೊದಲು ಸೀಟಿ ಕೇಳಿಸಿತು. ರಸ್ತೆಗೆ ಅಡ್ಡಗಂಬಿ ಹಾಕಿದ್ದರು. ಪಕ್ಕದಲ್ಲಿ ಜೀಪು. ಒಬ್ಬ ಪೇದೆ ನನ್ನ ಕಡೆಗೇ ಕೈ ತೋರಿಸುತ್ತಿದ್ದ.

ನನಗೆ ಕಾರು ಕಲಿಸಿದ ಅಜೀಜ್ ಮೇಷ್ಟ್ರು ಗೇರು, ಬ್ರೇಕುಗಳಿಗಿಂತ ಮೊದಲು ಕಲಿಸಿದ್ದು ಇದನ್ನೇ. "ಪೊಲೀಸ್ನೋರು ನಿಲ್ಸು ಅಂದ್ರೆ ನಿಲ್ಸ್‌ಬೇಕು ತಾಯಿ, ಅದ್ರಲ್ಲಿ ಚೌಕಾಸಿ ಇಲ್ಲ. ಎಡಕ್ಕೆ ತಗೊಳ್ಳಿ, ಇಂಜಿನ್ ಆಫ್ ಮಾಡಿ, ಎರಡೂ ಕೈ ಅವ್ರಿಗೆ ಕಾಣೋ ಹಾಗೆ ಇಡಿ. ಕಾಗದ ಕೇಳಿದ್ರೆ ಕೊಡಿ. ಕೂಗಾಡೋದು, ಓಡೋದು ಬೇಡ. ಆದ್ರೆ ಯಾಕೆ ನಿಲ್ಸಿದ್ರಿ ಅಂತ ಕೇಳೋ ಹಕ್ಕು ನಿಮ್ಗಿದೆ. ಮೆತ್ತಗೆ ಕೇಳಿ. ಆದ್ರೆ ಕೇಳಿ."

ಎಲ್ಲವನ್ನೂ ಹಾಗೇ ಮಾಡಿದೆ. ಯಾಕೆ ಎಂದು ಮಾತ್ರ ಕೇಳಲಿಲ್ಲ.

ಸಬ್ ಇನ್ಸ್‌ಪೆಕ್ಟರು ನಡುವಯಸ್ಸಿನವರು, ನಿದ್ದೆಗೆಟ್ಟ ಕಣ್ಣು. ಲೈಸೆನ್ಸ್, ಗಾಡಿಯ ಕಾಗದಗಳನ್ನೆಲ್ಲ ನೋಡಿ ತಲೆಯಾಡಿಸಿದರು. ವಾಪಸು ಕೊಡಲು ಕೈ ಚಾಚಿದವರು ಹಿಂದಿನ ಸೀಟು ಕಂಡು ಹಾಗೇ ನಿಂತರು. ತಲೆ ಕೆದರಿದ, ಪೆಟಿಕೋಟಿನ ಮಗು. ಕೆನ್ನೆಯ ಮೇಲೆ ಒಣಗಿದ ಕಣ್ಣೀರು. ಅದು ಯಾವಾಗ ಅತ್ತಿತ್ತೋ ನನಗೇ ಗೊತ್ತಿರಲಿಲ್ಲ.

"ಮಗು ಯಾರದು?"

"ನಂದೇ ಸರ್. ನನ್ನ ಮಗಳು."

ಅವರು ಹಿಂದಿನ ಕಿಟಕಿಗೆ ಬಗ್ಗಿದರು. "ಪುಟ್ಟಿ, ನಿನ್ನ ಹೆಸರೇನಮ್ಮ?"

ನಳಿನಿ ಮಾತಾಡಲಿಲ್ಲ.

"ಇವರು ಯಾರು ನಿಂಗೆ? ಅಮ್ಮನಾ?"

ನಳಿನಿ ಸೀಟಿನ ಮೂಲೆಗೆ ಸರಿದು ಸೀರೆಯ ಗಂಟಿನಲ್ಲಿ ಮುಖ ಮುಚ್ಚಿಕೊಂಡಳು. "ಹೇಳು ಪುಟ್ಟಿ, ಅಮ್ಮ ಅಂತ ಹೇಳು," ಎಂದು ನಾನು ತಿರುಗಿದೆ. "ನೀವು ಹೇಳ್ಕೊಡಬೇಡಿ," ಎಂದರು ಅವರು. ಅದುವರೆಗೆ ಮೆತ್ತಗಿದ್ದ ದನಿ ಗಡುಸಾಯಿತು. ಪೇದೆಯ ಕೈ ಒಳಗೆ ಬಂದು ಕಾರಿನ ಕೀ ತೆಗೆದುಕೊಂಡಿತು. "ಕೆಳಗಿಳೀರಿ. ಮುಂದೆ ಬಂದು ಬಾನೆಟ್ ಮೇಲೆ ಕೈ ಇಟ್ಕೊಂಡು ನಿಲ್ಲಿ."

ಇಳಿದೆ. ಬಾನೆಟ್ ಕಾದಿತ್ತು. ನನ್ನ ಅಂಗೈಗೆ ಅಂಟಿದ್ದ ಅಕ್ಕಿಯ ಧೂಳು ಅದರ ಮೇಲೆ ಬೆಳ್ಳಗೆ ಮೂಡಿತು. ಹಿಂದಿನ ಬಾಗಿಲು ತೆರೆದ ಸದ್ದು ಕೇಳಿಸಿತು. ಪೇದೆ ನಳಿನಿಯನ್ನು ಎತ್ತಿಕೊಂಡು ನನ್ನ ಮುಂದೆಯೇ ಜೀಪಿನ ಕಡೆಗೆ ನಡೆದ. ಅವಳು ಕಿರುಚಿದ್ದರೆ, ಕೈಕಾಲು ಬಡಿದಿದ್ದರೆ ನಾನು ಏನು ಮಾಡುತ್ತಿದ್ದೆನೋ. ಅವಳು ಬಡಿಯಲಿಲ್ಲ. ಆಗಲೇಬೇಕಾದದ್ದು ಆಗುತ್ತಿದೆ ಎನ್ನುವಂತೆ ಅವನ ಭುಜದ ಮೇಲಿಂದ ನನ್ನನ್ನೇ ನೋಡುತ್ತಾ ಹೋದಳು. ಎರಡೂ ಕೈಯಲ್ಲಿ ಬಟ್ಟಲು ಹಿಡಿದಿದ್ದಳು.

ಇಪ್ಪತ್ತು ಹೆಜ್ಜೆ ದೂರವಿರಬಹುದು. ಓಡಿ ಹೋಗಿ ಕಿತ್ತುಕೊಳ್ಳಬೇಕೆಂದು ಮೈಯೆಲ್ಲ ಹೇಳುತ್ತಿತ್ತು. ಓಡಿದರೆ ಅವರ ಅನುಮಾನ ನಿಜವಾಗುತ್ತದೆ. ಮಗುವನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟರೆ? ಕೈಗಳನ್ನು ಬಾನೆಟ್ಟಿಗೆ ಒತ್ತಿ ಹಿಡಿದೆ.

ಜೀಪಿನ ಬಳಿ ಪೇದೆ ಅವಳನ್ನು ಕೆಳಗಿಳಿಸಿದ. ಅಲ್ಲಿದ್ದ ಮಹಿಳಾ ಪೇದೆ ಬಗ್ಗಿ ಏನೋ ಕೇಳಿದಳು. ಆಗ ನಳಿನಿ ತಿನ್ನತೊಡಗಿದಳು.

ತಣ್ಣಗಾಗಿ ಗಟ್ಟಿಯಾಗಿದ್ದ ಉಪ್ಪಿಟ್ಟನ್ನು ಮುಷ್ಟಿಯಲ್ಲಿ ಎತ್ತಿ ಬಾಯಿಗೆ ತುರುಕಿಕೊಂಡಳು. ಅಗಿಯದೆ ನುಂಗಿದಳು. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು, ಮತ್ತೆ ಒಂದು ಮುಷ್ಟಿ. ಕಣ್ಣು ಮಾತ್ರ ಖಾಕಿ ಬಟ್ಟೆಯ ಮೇಲಿನಿಂದ ಕದಲಲಿಲ್ಲ.

ಅದನ್ನು ಕಂಡ ಮೇಲೆ ನನಗೆ ಅರ್ಥವಾಯಿತು. ಅವಳ ಬಾಯಿ ಕಟ್ಟಿದ್ದು ಈ ಪೊಲೀಸರಲ್ಲ.

"ಸರ್," ಎಂದೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ. "ನೀವು ನಿಲ್ಲಿಸು ಅಂದ್ರಿ, ನಿಲ್ಲಿಸಿದೆ. ಇಳಿ ಅಂದ್ರಿ, ಇಳಿದೆ. ಯಾಕೆ ಅಂತ ಹೇಳಿ. ಕೇಳೋ ಹಕ್ಕು ನನಗಿದೆ."

ಅವರು ನನ್ನ ಕಡೆ ತಿರುಗಿದರು. "ನಿನ್ನೆ ಸಂತೆಯಲ್ಲಿ ಒಂದು ಹೆಣ್ಣುಮಗು ಕಾಣೆಯಾಗಿದೆ. ಇದೇ ವಯಸ್ಸು. ರಾತ್ರಿಯಿಂದ ಎಲ್ಲ ಗಾಡಿ ನೋಡ್ತಿದೀವಿ. ನಿಮ್ಮ ಮಗಳಾದ್ರೆ ಯಾಕಮ್ಮ ಬಾಯೇ ಬಿಡ್ತಿಲ್ಲ?"

"ತಿನ್ನದಿದ್ರೆ ಪೊಲೀಸ್ ಬಂದು ಹಿಡ್ಕೊಂಡು ಹೋಗ್ತಾರೆ ಅಂತ ಬೆಳಿಗ್ಗೆ ನಾನೇ ಹೇಳಿದೆ ಸರ್." ಅಷ್ಟು ಜನರ ಮುಂದೆ ಅದನ್ನು ಹೇಳುವಾಗ ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. "ಅದಕ್ಕೇ ಈಗ ತಿಂತಿದಾಳೆ."

ಅವರು ಮಹಿಳಾ ಪೇದೆಯ ಕಡೆ ತಿರುಗಿ ಕೂಗಿದರು. "ಪುಟ್ಟಗೌರಮ್ಮ, ಮಗೂನ ಇಲ್ಲಿ ಕರ್ಕೊಂಡು ಬನ್ನಿ. ಎತ್ಕೋಬೇಡಿ. ನಡೆದೇ ಬರಲಿ." ನನ್ನ ಕಡೆ ನೋಡಿ, "ನೀವು ಕರೀಬೇಡಿ. ಸುಮ್ಮನೆ ನಿಂತಿರಿ," ಎಂದರು.

ನಿಂತೆ. ಅಷ್ಟು ಕಷ್ಟದ ಆಜ್ಞೆಯನ್ನು ನಾನು ಅದಕ್ಕೆ ಮೊದಲೂ ಪಾಲಿಸಿಲ್ಲ, ಆಮೇಲೂ ಪಾಲಿಸಿಲ್ಲ.

ನಳಿನಿ ಬಂದಳು. ಮೊದಲು ನನ್ನ ಬಳಿಗಲ್ಲ. ಇನ್ಸ್‌ಪೆಕ್ಟರ ಮುಂದೆ ನಿಂತು, ಬಟ್ಟಲನ್ನು ಎರಡೂ ಕೈಯಿಂದ ಎತ್ತಿ, ಓರೆ ಮಾಡಿ ತೋರಿಸಿದಳು. ತಳದಲ್ಲಿ ತಾವರೆ ಹೊಳೆಯುತ್ತಿತ್ತು. ಅವರು ಅದನ್ನು ನೋಡಿದರು. ಏನು ಮಾಡಬೇಕೆಂದು ತೋಚದೆ, "ಆಯ್ತಮ್ಮ, ಆಯ್ತು," ಎಂದರು.

ಆಗ ಅವಳು ನನ್ನ ಪಕ್ಕಕ್ಕೆ ಬಂದು, ದಿನವೂ ತಿಂದಾದ ಮೇಲೆ ಮಾಡುವಂತೆ, ನನ್ನ ಸೆರಗನ್ನು ಎಳೆದುಕೊಂಡು ಬಾಯಿ ಒರೆಸಿಕೊಂಡಳು. ಮೊದಲು ಬಾಯಿ, ಆಮೇಲೆ ಗಲ್ಲ, ಆಮೇಲೆ ಒಂದೊಂದೇ ಬೆರಳು.

ಪುಟ್ಟಗೌರಮ್ಮ ನಿಟ್ಟುಸಿರು ಬಿಟ್ಟಳು. "ಬಿಡಿ ಸಾರ್, ಇನ್ನೇನು ನೋಡೋದು? ಕಂಡೋರ ಸೆರಗಿಗೆ ಯಾವ ಮಗು ಹಿಂಗೆ ಬಾಯಿ ಒರೆಸ್ಕೊಳ್ಳುತ್ತೆ?" ನನ್ನತ್ತ ತಿರುಗಿದಳು. "ನಮ್ಮಕ್ಕನೂ ನಿಮ್ಮಂಗೇ ಕಣಕ್ಕ. ನನ್ನ ಹೆಸರು ಹೇಳೇ ಮಕ್ಕಳಿಗೆ ಉಣ್ಣಿಸ್ತಾಳೆ. ನಾನು ಹಬ್ಬಕ್ಕೆ ಹೋದ್ರೆ ಎಲ್ಲಾ ಮಂಚದ ಕೆಳಗೆ."

ಪೇದೆ ನಕ್ಕ. ಇನ್ಸ್‌ಪೆಕ್ಟರು ನಗಲಿಲ್ಲ. ಕಾಗದ, ಕೀ ಎರಡನ್ನೂ ನನ್ನ ಕೈಗೆ ಕೊಟ್ಟರು. "ದಾರಿ ತಪ್ಪಿದ ಮಗು ನಮ್ಮ ಹತ್ರ ಓಡಿ ಬರಬೇಕಮ್ಮ," ಎಂದರು. "ನಮ್ಮನ್ನ ಕಂಡು ಅಡಗಿಕೊಂಡ್ರೆ ನಾವು ಹುಡುಕೋದು ಹೇಗೆ?"

ಜಲಜಳಿಗೆ ಮಧ್ಯಾಹ್ನ ಗಂಡುಮಗುವಾಯಿತು. ಕಾಣೆಯಾಗಿದ್ದ ಹುಡುಗಿ, ಸಂತೆಗೆ ಬಂದಿದ್ದ ಯಾರೋ ನೆಂಟರ ಮನೆಯಲ್ಲಿ ಸಿಕ್ಕಳೆಂದು ಮರುದಿನ ಸರ್ವಮಂಗಳಮ್ಮ ಸುದ್ದಿ ತಂದರು. ಎಲ್ಲವೂ ಒಳ್ಳೆಯದೇ ಆಯಿತು. ಪೊಲೀಸರು ಒಳ್ಳೆಯವರು, ಇನ್ನು ಯಾವತ್ತೂ ಹಾಗೆ ಹೇಳಿ ಹೆದರಿಸುವುದಿಲ್ಲ ಎಂದು ನಳಿನಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದೆ. ಅವಳು ತಲೆಯಾಡಿಸಿದಳು.

ಅಂದಿನಿಂದ ಅವಳು ತಿಂಡಿಗೆ ತಕರಾರು ಮಾಡಲಿಲ್ಲ. ಸಾಸಿವೆ, ಕರಿಬೇವು, ಮೆಣಸಿನಕಾಯಿಯ ಚೂರನ್ನೂ ಬಿಡದೆ ತಿಂದು ಬಟ್ಟಲನ್ನು ನನ್ನ ಮುಂದೆ ಹಿಡಿಯುತ್ತಿದ್ದಳು. ಜಾಣೆ ಎಂದೆ ಮೊದಲ ದಿನ. ಮೂರನೆಯ ದಿನ ಆ ಹೊಳೆಯುವ ತಾವರೆಯನ್ನು ಕಂಡು ಮುಖ ತಿರುಗಿಸಿದೆ.

ಐದನೆಯ ದಿನ ಬೆಳಿಗ್ಗೆ ನಾನು ಮತ್ತೆ ಹಿತ್ತಿಲ ಬಾಗಿಲಲ್ಲಿ ಮೊರ ಹಿಡಿದು ಕೂತಿದ್ದೆ. ಗೋಡೆಯಾಚೆ ಸರ್ವಮಂಗಳಮ್ಮನ ಫೋನು ಹೊಡೆದುಕೊಳ್ಳತೊಡಗಿತು. ನಳಿನಿಯ ಕೈ ಬಾಯಿಯ ಹತ್ತಿರ ನಿಂತಿತು. ಫೋನು ನಿಲ್ಲುವವರೆಗೂ ಅವಳು ಉಸಿರಾಡಲಿಲ್ಲ. ಆಮೇಲೆ ಉಳಿದಿದ್ದನ್ನು ಬೇಗಬೇಗ ತಿಂದು, ಬಟ್ಟಲನ್ನು ತಂದು ಅಕ್ಕಿಯ ಮೇಲಿಟ್ಟಳು. ಸೆರಗು ಹಿಡಿದಳು, ಬಾಯಿ ಒರೆಸಿಕೊಳ್ಳಲಿಲ್ಲ.

"ಅಮ್ಮ," ಎಂದಳು, ತೀರಾ ಮೆತ್ತಗೆ. "ಅವತ್ತು ನೀನು ಓಡಿ ಹೋಗಿ ಫೋನ್ ಮಾಡಿದ್ಯಲ್ಲ. ಅವರನ್ನ ಕರೆದಿದ್ದು ನೀನೇನಾ?"