ಎಂಟು ಠಸ್ಸೆ, ಒಂದು ಮೊಹರು

ಬೆಳಿಗ್ಗೆ ಏಳೂವರೆಗೇ ಗೆಂಗ್ ಯೂಮೇಗೆ ರೋಸಿಹೋಗಿತ್ತು. ಚೀನಾದ ಶಿಯಾನ್ ನಗರದ ಆ ಹೋಟೆಲಿನಲ್ಲಿ ತಿಂಡಿ ಬಿಟ್ಟಿ. ಮೂರು ಬಗೆ ಗಂಜಿ, ಚಹಾದಲ್ಲಿ ಬೇಯಿಸಿದ ಮೊಟ್ಟೆ, ಹಬೆಯಾಡುವ ಬನ್ನು, ಏನುಂಟು ಏನಿಲ್ಲ! ತಟ್ಟೆ ತುಂಬಿಕೊಂಡು ಕೂತು ಎರಡು ತುತ್ತು ಬಾಯಿಗೆ ಇಟ್ಟಿದ್ದಳೋ ಇಲ್ಲವೋ, ಅವಳ ಕಂಪನಿಯ ಮ್ಯಾನೇಜರ್ ಕಾಂಗ್ ದಾಲಿನ್ ಬೆನ್ನಿಗೆ ಚೀಲ, ತಲೆಗೆ ಟೋಪಿ ಏರಿಸಿ ಎದುರಿಗೆ ಬಂದು ನಿಂತ. ಗಿರಾಕಿಯ ಜೊತೆಗಿನ ಕರಾರಿಗೆ ಸಹಿ ಬೀಳುವುದು ಮಧ್ಯಾಹ್ನ ಎರಡೂವರೆಗೆ, ಅಲ್ಲಿಯವರೆಗೆ ಹೋಟೆಲಿನ ಗೋಡೆ ನೋಡಿಕೊಂಡು ಕೂರಬೇಕೇ ಎಂದು ಕೇಳಿದ. ಏಳು ತಾಸು ಇದೆ, ಎಂಟು ಜಾಗ, ಎಲ್ಲ ಲೆಕ್ಕ ಹಾಕಿದ್ದೇನೆ, ಏಳಿ ಅಕ್ಕ, ಎಂದ.

ಹೋಗುವುದಿದ್ದರೆ ಒಬ್ಬನೇ ಹೋಗಬಹುದಿತ್ತಲ್ಲ, ಮಹರಾಯ! ಆದರೆ ಹಾಗಾಗುವಂತಿರಲಿಲ್ಲ. ಯೂಮೇಯ ಕುತ್ತಿಗೆಗೆ ನೇತುಬಿದ್ದ ನೀಲಿ ಬಟ್ಟೆಚೀಲದಲ್ಲಿ ಕಂಪನಿಯ ಮೊಹರು ಇತ್ತು. ತಮ್ಮೂರು ಅನ್ಯಾಂಗ್‌ನ ಪಂಪು ಕಾರ್ಖಾನೆಯಲ್ಲಿ ಮೊಹರು ಕಾಯುವ ಕೆಲಸ ಅವಳದು, ಹತ್ತೊಂಬತ್ತು ವರ್ಷದಿಂದ. ಮೊಹರು ಊರು ಬಿಟ್ಟು ಹೊರಟರೆ ಕಾಯುವವರೂ ಜೊತೆಗೆ ಹೊರಡಬೇಕು, ವಾಪಸು ಬರುವವರೆಗೆ ಅವರೂ ಕೆಲಸಕ್ಕೆ ಹೋದ ಮ್ಯಾನೇಜರೂ ಒಟ್ಟಿಗಿರಬೇಕು, ಒಬ್ಬರನ್ನೊಬ್ಬರು ಬಿಟ್ಟು ಹೋಗಕೂಡದು. ಈ ನಿಯಮವನ್ನು ಬರೆದವಳು ಬೇರೆ ಯಾರೂ ಅಲ್ಲ, ಸ್ವತಃ ಯೂಮೇ. ಕಾಂಗ್ ಅದನ್ನೇ ನಗುನಗುತ್ತಾ ಅವಳ ಮುಂದೆ ಹಿಡಿದ. ತಾನು ತೋಡಿದ ಗುಂಡಿಗೆ ತಾನೇ ಬಿದ್ದ ಸಿಟ್ಟಿನಲ್ಲಿ ಅವಳು ಅರ್ಧ ಬನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದಳು.

ಮೊಹರೆಂದರೆ ಏನೆಂದು ಅವಳಿಗಲ್ಲದೆ ಯಾರಿಗೆ ಗೊತ್ತಿರಬೇಕು? ಮರದ ಹಿಡಿಯ ದುಂಡಗಿನ ಮುದ್ರೆ, ಸುತ್ತ ಕಂಪನಿಯ ಹೆಸರು, ನಡುವೆ ಐದು ಮೂಲೆಯ ನಕ್ಷತ್ರ. ಮಾಲೀಕನ ಸಹಿಗಿಂತ ಅದರ ಒತ್ತು ದೊಡ್ಡದು. ಬಿಳಿ ಹಾಳೆಯ ಮೇಲೆ ಅದೊಂದು ಬಿದ್ದರೆ ಸಾಕು, ಮೇಲೆ ಏನು ಬೇಕಾದರೂ ಬರೆದುಕೊಳ್ಳಬಹುದು. ಸಾಲವೋ, ಜಾಮೀನೋ, ಕಾರ್ಖಾನೆಯನ್ನೇ ಮಾರಿದ ಪತ್ರವೋ. ಅವಳಿಗಿಂತ ಮುಂಚೆ ಈ ಕೆಲಸದಲ್ಲಿದ್ದ ಮುದುಕ ಒಂದೇ ಒಂದು ಮಧ್ಯಾಹ್ನ ಯಾರಿಗೋ ಮೊಹರು ಕೈಗೆ ಕೊಟ್ಟಿದ್ದ. ತಪ್ಪಿನ ನೋಟೀಸು ಗೇಟಿನ ಹಲಗೆಗೆ ಬಿತ್ತು, ಅವನು ನಿವೃತ್ತಿಯವರೆಗೆ ಗೋದಾಮು ಗುಡಿಸಿದ. ಯೂಮೇಯ ನಿವೃತ್ತಿಗೆ ಇನ್ನು ಎರಡು ವರ್ಷ. ಹೆಸರಿಗೆ ಎಳ್ಳಷ್ಟೂ ಮಸಿ ಹತ್ತಿರಲಿಲ್ಲ, ಹಾಗೇ ಮುಗಿಸಿ ಮನೆಗೆ ಹೋಗಬೇಕು ಎಂಬುದೊಂದೇ ಅವಳ ಆಸೆ.

ಕಾಂಗ್‌ನ ಕೈಯಲ್ಲಿದ್ದದ್ದು ಮಗಳ ಪುಸ್ತಕ. ಈಗಿನ ಮಕ್ಕಳಿಗೆಲ್ಲ ಹಿಡಿದಿರುವ ಹುಚ್ಚು ಅದು: ಯಾವ ಊರಿಗೆ ಹೋದರೂ ನೋಡುವ ಜಾಗದಲ್ಲೆಲ್ಲ ಮೇಜಿನ ಮೇಲೆ ಇಟ್ಟಿರುವ ಠಸ್ಸೆಗಳನ್ನು ಪುಸ್ತಕದಲ್ಲಿ ಒತ್ತಿಕೊಂಡು ಬರುವುದು. ಹುಡುಗಿಗೆ ಹದಿಮೂರು, ಹಾಸ್ಟೆಲಿನಲ್ಲಿದ್ದಾಳೆ. ಶಿಯಾನ್‌ಗೆ ಕರೆದುಕೊಂಡು ಹೋಗುತ್ತೇನೆಂದು ಅಪ್ಪ ಮೂರು ಸಲ ಮಾತು ಕೊಟ್ಟು ಮೂರು ಸಲವೂ ಕೈಕೊಟ್ಟಿದ್ದ. ನೀನಂತೂ ಕರೆದುಕೊಂಡು ಹೋಗಲ್ಲ, ಠಸ್ಸೆಯನ್ನಾದರೂ ತಾ ಎಂದು ಅವಳು ಪುಸ್ತಕ ಎಸೆದು ಹೋಗಿದ್ದಳಂತೆ. ಇದನ್ನು ಕೇಳಿ ಯೂಮೇಗೆ ಸ್ವಲ್ಪ ಕನಿಕರ ಹುಟ್ಟಿದ್ದು ನಿಜ. ಅದು ಗಂಟೆ ಹತ್ತಾಗುವಷ್ಟರಲ್ಲಿ ಇಂಗಿಹೋಯಿತು.

ಕಾಂಗ್ ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ಓಡುತ್ತಿದ್ದ. ಕೋಟೆಯ ದಕ್ಷಿಣ ಬಾಗಿಲಲ್ಲಿ ಮೆಟ್ಟಿಲು ಹತ್ತಿದರು, ಒತ್ತಿದರು, ಇಳಿದರು. ಗೋಡೆಯ ಮೇಲೆ ಹತ್ತು ಹೆಜ್ಜೆ ನಡೆಯಲಿಲ್ಲ. ಗಂಟೆ ಗೋಪುರದಲ್ಲಿ ಒತ್ತಿದರು, ನಗಾರಿ ಗೋಪುರದಲ್ಲಿ ಒತ್ತಿದರು. ಅದರ ಹಿಂದಿನ ಓಣಿಯಲ್ಲಿ ಕುರಿಮಾಂಸದ ಸಾರಿನ ಅಂಗಡಿ ಕಂಡಾಗ ಯೂಮೇ ಹಟ ಹಿಡಿದು ಕೂತಳು. ಅಲ್ಲಿ ಗಟ್ಟಿ ರೊಟ್ಟಿಯನ್ನು ತಿನ್ನುವವರೇ ಕಾಳಿನಷ್ಟು ಸಣ್ಣಗೆ ಚೂರು ಮಾಡಿ ಕೊಡಬೇಕು, ಆಮೇಲೆ ಅಡುಗೆಯವನು ಸಾರು ಹುಯ್ಯುತ್ತಾನೆ. ಅರ್ಧ ರೊಟ್ಟಿ ಚೂರಾಗುವಷ್ಟರಲ್ಲಿ ಕಾಂಗ್ ಎದ್ದು ನಿಂತ. ರೊಟ್ಟಿ ಮುರಿಯುತ್ತಾ ಕೂತರೆ ಎಂಟು ಜಾಗ ಆದ ಹಾಗೆಯೇ ಎಂದು ಗೊಣಗಿ, ಬಟ್ಟಲನ್ನು ಅಲ್ಲೇ ಬಿಡಿಸಿ ಎಬ್ಬಿಸಿಕೊಂಡು ಹೋದ. ಪಕ್ಕದ ಮೇಜಿನ ಮುದುಕ ಇವರನ್ನು ನೋಡಿ ತಲೆ ಅಲ್ಲಾಡಿಸಿದ.

ಬೀದಿಗೆ ಬಂದ ಮೇಲೆ ಅವಳಿಗೆ ತಡೆಯಲಾಗಲಿಲ್ಲ.

"ಮ್ಯಾನೇಜರೇ, ಒಂದ್ಸಲ ಕತ್ತೆತ್ತಿ ಆ ಗೋಪುರನಾದ್ರೂ ನೋಡ್ರಿ. ಆರುನೂರು ವರ್ಷದಿಂದ ನಿಮಗೋಸ್ಕರ ನಿಂತಿದೆ."

"ಫೋಟೋ ತೆಗ್ದಿದೀನಲ್ಲ ಅಕ್ಕ. ವಾಪಸ್ ಹೋಗ್ತಾ ರೈಲಲ್ಲಿ ನೋಡ್ತೀನಿ."

ಅವಳು ತಾನೇ ಒಂದು ಸಲ ಕತ್ತೆತ್ತಿ ಗೋಪುರ ನೋಡಿ, ಅವನ ಹಿಂದೆ ನಡೆದಳು. ಇನ್ನೂ ಎರಡು ಕಡೆ ಇದೇ ಕತೆ. ಹೊಟ್ಟೆ ಚುರುಗುಟ್ಟುತ್ತಿತ್ತು, ಪಾದ ಉರಿಯುತ್ತಿತ್ತು, ಒಂದು ಕೈ ಸದಾ ಎದೆಯ ಮೇಲಿನ ಚೀಲವನ್ನು ಹಿಡಿದುಕೊಂಡೇ ಇತ್ತು. ಹನ್ನೆರಡರ ಸುಮಾರಿಗೆ ಹೆಬ್ಬಾತು ಗೋಪುರದ ಮುಂದಿನ ಚೌಕ ತಲುಪಿದರು. ಅದು ಆರನೆಯ ಜಾಗ. ಅಲ್ಲಿ ನೆನಪಿನ ವಸ್ತು ಮಾರುವ ಅಂಗಡಿಯೊಂದರ ಹೊರಗೆ ಉದ್ದನೆಯ ಮೇಜು, ಅದರ ತುಂಬ ಮರದ ಹಿಡಿಯ ಠಸ್ಸೆಗಳು. ಹಿಂದೆ ಜನ ಸಾಲುಗಟ್ಟಿ ನಿಂತಿದ್ದರು. ಮಕ್ಕಳು, ಅಜ್ಜಿಯರು, ಟೋಪಿಯ ಮೇಲೆ ಟೋಪಿ ಹಾಕಿಕೊಂಡ ಪ್ರವಾಸಿಗಳು.

ಕಾಂಗ್ ಮೊದಲ ಠಸ್ಸೆ ಒತ್ತಿದ. ಹಾಳೆಯ ಮೇಲೆ ಏನೂ ಮೂಡಲಿಲ್ಲ. ಅಂಗಡಿಯವರ ಶಾಯಿಯ ಪ್ಯಾಡು ಒಣಗಿ ಕಟ್ಟಿಗೆಯಾಗಿತ್ತು. ಹಿಂದಿನವರು ಬೇಗ ಬೇಗ ಎಂದು ನೂಕತೊಡಗಿದರು. ಕಾಂಗ್ ಅವಳ ಚೀಲದ ಕಡೆ ನೋಡಿದ, ನಿಮ್ಮ ಹತ್ತಿರ ಕೆಂಪು ಪ್ಯಾಡು ಇದೆಯಲ್ಲ ಎಂದು ಕೇಳಿದ. ಕಂಪನಿಯ ಪ್ಯಾಡು ಮಕ್ಕಳಾಟಕ್ಕಲ್ಲ ಎಂದಳು. ಅವನು ಮಗಳ ಹೆಸರು ಹೇಳಿದ, ಕೈ ಮುಗಿಯುವವನ ಹಾಗೆ ನಿಂತ, ಒಂದೇ ನಿಮಿಷ ಅಕ್ಕ ಎಂದು ನಾಲ್ಕು ಸಲ ಅಂದ. ಕೊಟ್ಟರೆ ಈ ಪೀಡೆ ಬೇಗ ತೊಲಗುತ್ತದೆ ಎಂದುಕೊಂಡು ಯೂಮೇ ಚೀಲದ ಜಿಪ್ಪು ಎಳೆದಳು. ಪ್ಯಾಡು ಅಡಿಯಲ್ಲಿತ್ತು. ಅದನ್ನು ತೆಗೆಯಲು ಮೊಹರನ್ನು ಈಚೆ ತೆಗೆದು, ತನ್ನ ಮೊಣಕೈ ಪಕ್ಕ, ಮೇಜಿನ ಮೇಲೆ ಇಟ್ಟಳು.

ಕಾಂಗ್ ಕೈಗೆ ಸಿಕ್ಕಿದ್ದನ್ನೆಲ್ಲ ಟಪಟಪನೆ ಒತ್ತಿದ. ಅಷ್ಟರಲ್ಲಿ ಕರೆಸಿದ್ದ ಟ್ಯಾಕ್ಸಿ ಬಂತು, ಮೂರು ನಿಮಿಷದ ಮೇಲೆ ಅದು ಕಾಯುವುದಿಲ್ಲ, ಅವನು ಓಡಿದ. ಯೂಮೇ ಪ್ಯಾಡು ಕಸಿದುಕೊಂಡು, ಮೊಣಕೈ ಪಕ್ಕದ ಮರದ ಹಿಡಿಯನ್ನು ಬಾಚಿ ಚೀಲಕ್ಕೆ ಹಾಕಿ, ಅವನ ಹಿಂದೆ ಓಡಿದಳು.

ಟ್ಯಾಕ್ಸಿಯಲ್ಲಿ ಕಾಂಗ್ ಬಲು ಖುಷಿಯಲ್ಲಿದ್ದ. ಮಗಳಿಗೆ ಕಳಿಸಲು ಪುಸ್ತಕದ ಒಂದೊಂದೇ ಪುಟದ ಫೋಟೋ ತೆಗೆಯುತ್ತಾ ಹೋದ. ಅರ್ಧ ದಾರಿಯಲ್ಲಿ ಪುಸ್ತಕವನ್ನು ಅವಳ ಕಡೆ ತಿರುಗಿಸಿದ.

"ಇದು ಯಾವ ಜಾಗದ್ದು ಅಕ್ಕ? ನಕ್ಷತ್ರ ಎಷ್ಟ್ ಚೆನ್ನಾಗಿ ಮೂಡಿದೆ ನೋಡಿ."

ಯೂಮೇ ಪುಸ್ತಕವನ್ನು ಹತ್ತಿರ ಎಳೆದು ನೋಡಿದಳು. ಹನ್ನೊಂದು ವರ್ಷ ಆ ಕಂಪನಿಯ ಅನ್ನ ತಿಂದ ಮನುಷ್ಯ, ಅದರ ಮೊಹರನ್ನು ಎದುರಿಗೆ ಇಟ್ಟುಕೊಂಡು ಯಾವ ಜಾಗದ್ದು ಎಂದು ಕೇಳುತ್ತಿದ್ದಾನೆ! ಚೀಲ ತೆರೆದಳು. ಒಳಗಿದ್ದದ್ದು ರೆಕ್ಕೆ ಬಿಚ್ಚಿದ ಹೆಬ್ಬಾತಿನ ಒಂದು ಠಸ್ಸೆ.

ಚಾಲಕನಿಗೆ ಗಾಡಿ ತಿರುಗಿಸಲು ಹೇಳಿದಳೋ, ಕೂಗಿದಳೋ, ಅವಳಿಗೇ ನೆನಪಿಲ್ಲ. ವಾಪಸು ಚೌಕ ತಲುಪುವ ಹೊತ್ತಿಗೆ ಒಂದು ಗಂಟೆ. ಮೇಜಿನ ಮುಂದೆ ಸಾಲು ಇನ್ನೂ ಉದ್ದವಾಗಿತ್ತು. ಸಾಲಿನ ತಲೆಯಲ್ಲಿ ಆರೇಳು ವರ್ಷದ ಹುಡುಗಿಯೊಬ್ಬಳು ನಾಲಿಗೆ ಹೊರಗೆ ಹಾಕಿಕೊಂಡು, ಎರಡೂ ಕೈಯಿಂದ, ಅನ್ಯಾಂಗ್ ಪಂಪು ಕಾರ್ಖಾನೆಯ ಮೊಹರನ್ನು ತನ್ನ ಪುಸ್ತಕಕ್ಕೆ ಒತ್ತುತ್ತಿದ್ದಳು. ಅಂಗಡಿಯವರು ಅಷ್ಟರಲ್ಲಿ ಹೊಸ ಪ್ಯಾಡು ಬೇರೆ ತಂದಿಟ್ಟಿದ್ದರು.

ಯೂಮೇ ಮೊಹರನ್ನು ಕಿತ್ತುಕೊಂಡಳು. ಮಗು ಅಳತೊಡಗಿತು. ಅದರ ಅಜ್ಜಿ ಸುಮ್ಮನಿದ್ದಾಳೆಯೇ? ಇಷ್ಟು ವಯಸ್ಸಾದವಳು ಸಾಲು ಮುರಿದು ನುಗ್ಗಿದ್ದಲ್ಲದೆ ಮಗುವಿನ ಕೈಯಿಂದ ಕಸಿಯುತ್ತೀಯಲ್ಲ, ನಾಚಿಕೆ ಇಲ್ಲವೇ ಎಂದು ಚೌಕಕ್ಕೆಲ್ಲ ಕೇಳುವಂತೆ ಝಾಡಿಸಿದಳು. ಇದು ನಮ್ಮ ಕಂಪನಿಯ ಮೊಹರು ಎಂದರೆ ಯಾರೂ ನಂಬಲಿಲ್ಲ. ಕಂಪನಿಯ ಮೊಹರನ್ನು ಯಾರಾದರೂ ಇಲ್ಲಿ ತಂದಿಡುತ್ತಾರೆಯೇ ಎಂದು ಒಬ್ಬ ನಕ್ಕ. ಅವನು ಕೇಳಿದ್ದು ಸರಿಯಾಗಿಯೇ ಇತ್ತು, ಅದೇ ಅವಳಿಗೆ ಚುಚ್ಚಿದ್ದು.

ಹಾಳೆ ಹರಿದು ಕೊಡಿ ಎಂದರೆ ಯಾರು ಕೊಡುತ್ತಾರೆ? ಅವಳು ಪೆನ್ನು ತೆಗೆದಳು. ಸುತ್ತ ಇದ್ದವರನ್ನೆಲ್ಲ ಬೇಡಿಕೊಂಡು, ಒಂದೊಂದೇ ಪುಸ್ತಕ ಬಿಡಿಸಿ, ನಕ್ಷತ್ರದ ಮೇಲೆ ಅಡ್ಡಡ್ಡ 'ರದ್ದು' ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿದಳು. ಒಂಬತ್ತು ಪುಸ್ತಕ ಸಿಕ್ಕವು. ಹಿಂದಿದ್ದ ಇಬ್ಬರು ಕಾಲೇಜು ಹುಡುಗಿಯರಿಗೆ ಇದೂ ಠಸ್ಸೆಯ ಜೊತೆಗಿನ ಬರಹ ಅನ್ನಿಸಿರಬೇಕು. ಆಂಟಿ, ನಮಗೂ ಬರೆದುಕೊಡಿ, ಅಕ್ಷರ ಚೆನ್ನಾಗಿದೆ ಎಂದು ಖಾಲಿ ಹಾಳೆ ಮುಂದೆ ಹಿಡಿದರು. ಆಗ ಯೂಮೇಗೆ ಅಲ್ಲೇ ನೆಲದ ಮೇಲೆ ಕೂತು ಗೋಳೋ ಎಂದು ಅತ್ತುಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಒತ್ತಿಕೊಂಡು ಹೊರಟುಹೋದವರೆಷ್ಟೋ, ಯಾವ ಊರಿನವರೋ, ಆ ದೇವರೇ ಬಲ್ಲ.

ಕಾಂಗ್ ಅಷ್ಟು ಹೊತ್ತೂ ನೆರಳಿನಲ್ಲಿ ನಿಂತು ಗಡಿಯಾರ ನೋಡುತ್ತಿದ್ದ. ಅವನ ಪುಸ್ತಕವನ್ನೂ ಕೇಳಿದಾಗ ಬೆನ್ನ ಹಿಂದೆ ಅಡಗಿಸಿಕೊಂಡ.

"ಇದು ಬೇಡ ಅಕ್ಕ. ಮಗು ಪುಸ್ತಕ, ಯಾರ್ ಏನ್ ಮಾಡ್ತಾರೆ? ಮೊಹರು ಸಿಕ್ತಲ್ಲ. ನಾವಿಬ್ರೂ ಬಾಯ್ ಬಿಡ್ದಿದ್ರೆ ಆಯ್ತಪ್ಪ, ಯಾರಿಗ್ ಗೊತ್ತಾಗತ್ತೆ?"

"ನನಗೆ ಗೊತ್ತಾಗತ್ತೆ. ನಾಳೆ ಯಾರೋ ಆ ಹಾಳೆ ಹಿಡ್ಕೊಂಡು ಬಂದಾಗ ಇಡೀ ಕಾರ್ಖಾನೆಗೆ ಗೊತ್ತಾಗತ್ತೆ."

ಅವಳು ಊರಿಗೆ ಫೋನು ಮಾಡಿದಳು. ಕಚೇರಿಯ ಮುಖ್ಯಸ್ಥ ಲೈ ಮೊದಲು ನಂಬಲಿಲ್ಲ, ಎರಡು ಸಲ ಹೇಳಿಸಿಕೊಂಡ. ಪಕ್ಕದಲ್ಲಿ ಕಾಂಗ್ ಎರಡೂ ಕೈ ಅಲ್ಲಾಡಿಸುತ್ತಿದ್ದ. ಯಾರೋ ಜೇಬುಗಳ್ಳ ಎಂದು ಹೇಳಿ, ನೂಕುನುಗ್ಗಲು ಎಂದು ಹೇಳಿ ಎಂದು ಪಿಸುಗುಟ್ಟುತ್ತಿದ್ದ. ಅದನ್ನು ಮೇಜಿನ ಮೇಲೆ ಇಟ್ಟವರು ಯಾರು ಎಂದು ಲೈ ಕೇಳಿದ.

"ನಾನೇ ಇಟ್ಟೆ," ಎಂದಳು ಯೂಮೇ.

ಹತ್ತೊಂಬತ್ತು ವರ್ಷ ಮಾಡಿದ್ದೆಲ್ಲ ನೀರಲ್ಲಿ ಹೋಮ ಮಾಡಿಬಿಟ್ಟಿರಲ್ಲ ಎಂದ ಲೈ. ಕಳೆದುಹೋದ ಹಾಳೆಗಳ ಬಗ್ಗೆ ಪೇಪರಿನಲ್ಲಿ ಪ್ರಕಟಣೆ ಕೊಡಬೇಕು, ಹೊಸ ಮೊಹರು ಮಾಡಿಸಬೇಕು, ಗಿರಾಕಿಗೆ ತಾನೇ ವಿಷಯ ತಿಳಿಸಿ ಒಪ್ಪಿಸುತ್ತೇನೆ, ಇವತ್ತಿನ ಕರಾರು ಮಾತ್ರ ನಿಲ್ಲಬಾರದು ಎಂದ. ತಪ್ಪು ಮಾಡಿದವರ ಕೈಯಲ್ಲಿ ಮೊಹರು ಒಂದು ಕ್ಷಣವೂ ಇರುವಂತಿಲ್ಲ; ಈಗಿಂದೀಗಲೇ ಕಾಂಗ್ ಕೈಗೆ ಕೊಡಿ, ಇನ್ನು ಏನಾದರೂ ಆದರೆ ಹೊಣೆ ಅವನದು, ಈಗಾಗಲೇ ಹೊರಗೆ ಹೋಗಿರುವ ಹಾಳೆಗಳದ್ದೂ ಸೇರಿ ಎಂದು ಫೋನಿಟ್ಟ. ಸ್ಪೀಕರಿನಲ್ಲಿ ಕಾಂಗ್ ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಯೂಮೇ ಕುತ್ತಿಗೆಯಿಂದ ಚೀಲ ತೆಗೆದು ಅವನಿಗೆ ಕೊಟ್ಟಳು. ಬೇರೆ ಯಾರ ಕೈಗಾದರೂ ಕೊಟ್ಟಿದ್ದರೆ ಸಹಿಸುತ್ತಿದ್ದಳು, ಇವನ ಕೈಗೆ ಕೊಡಬೇಕಾಯಿತಲ್ಲ ಎಂದು ಅವಳ ಹೊಟ್ಟೆ ಉರಿಯಿತು. ಕುತ್ತಿಗೆ ಹಗುರವಾಯಿತು, ಆ ಹಗುರವನ್ನೇ ತಡೆಯಲಾಗಲಿಲ್ಲ.

ಕಾಂಗ್ ಚೀಲವನ್ನು ಎರಡು ಬೆರಳಲ್ಲಿ ಹಿಡಿದು ನಿಂತ. ತಟ್ಟನೆ ಮಗಳ ಪುಸ್ತಕ ತೆಗೆದ, ಆ ಪುಟ ಬಿಡಿಸಿದ, ಅವಳ ಪೆನ್ನು ಇಸಿದುಕೊಂಡು ನಕ್ಷತ್ರದ ಮೇಲೆ 'ರದ್ದು' ಎಂದು ಹಾಳೆ ಹರಿಯುವಂತೆ ಗೀಚಿದ. ಸಾಲದೆಂದು ಪುಟವನ್ನೇ ಕಿತ್ತು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿಕೊಂಡ. ಆಮೇಲೆ ಚೌಕದ ಕಡೆ ತಿರುಗಿದ. ಅಲ್ಲಿ ನೂರಾರು ಜನ, ಪ್ರತಿಯೊಬ್ಬರ ಕಂಕುಳಲ್ಲೂ ಒಂದೊಂದು ಪುಸ್ತಕ.

"ಹೊರಗೆ ಎಷ್ಟು ಹೋಗಿರ್ಬಹುದು ಅಕ್ಕ? ಇಪ್ಪತ್ತಾ? ಮೂವತ್ತಾ?" ಅವನು ಬೆರಳು ಮಡಿಸಿ ಎಣಿಸತೊಡಗಿದ. "ಯಾರಾದ್ರೂ ಏನಾದ್ರೂ ಬರ್ಕೊಂಡ್ರೆ? ನಾಳೆ, ನಾಡಿದ್ದು... ಎಷ್ಟ್ ದಿನ ಅಂತ ಕಾಯೋದು?"

ಟ್ಯಾಕ್ಸಿ ಬಂದು ನಿಂತರೂ ಅವನು ಹತ್ತಲಿಲ್ಲ. ಕೆಂಪು ಪುಸ್ತಕ ಹಿಡಿದು ಹೋಗುತ್ತಿದ್ದವನೊಬ್ಬನ ಹಿಂದೆ ಓಡಿದ, ಬೈಸಿಕೊಂಡು ಬಂದ, ಇನ್ನೊಬ್ಬಳ ಹಿಂದೆ ಹೊರಟ. ಗಂಟೆ ಎರಡಾಗಲು ಹತ್ತು ನಿಮಿಷ. ಯೂಮೇ ಹೋಗಿ ಅವನ ತೋಳು ಹಿಡಿದು ನಿಲ್ಲಿಸಿ, ಕಾರಿನ ಬಾಗಿಲು ತೆಗೆದಳು.

"ಹತ್ತಿ ಮ್ಯಾನೇಜರೇ," ಎಂದಳು. "ಎರಡೂವರೆಗೆ ಹೋಗಿ ಒತ್ತಲೇಬೇಕು. ನಾನು ಹತ್ತೊಂಬತ್ತು ವರ್ಷ ಇದೇ ಭಯದಲ್ಲೇ ಊಟ ಮಾಡಿದೀನಿ, ನಿದ್ದೆ ಮಾಡಿದೀನಿ. ನಿಮಗೆ ಇನ್ನೂ ಹತ್ತು ನಿಮಿಷ ಆಗಿಲ್ಲ."

ಕಾಂಗ್ ಹತ್ತಿ ಕೂತು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕೈ ಅದರ ಮೇಲೆ ಇಟ್ಟ.