ಬುಟ್ಟಿಗೆ ಬಿದ್ದ ಹಣ್ಣು

ನಾನು ಒಂದು ಕೀಬೋರ್ಡು. ಹುಟ್ಟಿದಾಗ ನನ್ನ ಮೈಮೇಲೆ ನೂರಾನಾಲ್ಕು ಕೀಗಳಿದ್ದವು. ಕಾರ್ಖಾನೆಯಲ್ಲಿ ಪೆಟ್ಟಿಗೆಗೆ ತುಂಬುವ ಮೊದಲು ಪ್ರತಿಯೊಂದನ್ನೂ ಒಮ್ಮೆ ಕುಟ್ಟಿ ನೋಡಿದರು. ಪೆಟ್ಟು ತಿಂದು ಉತ್ತರ ಕೊಡುವುದೇ ನನ್ನ ಕೆಲಸವೆಂದು ಅಂದೇ ತಿಳಿಯಿತು.

ಆರು ವರ್ಷ ಗದಗಿನ ಬಸ್ ನಿಲ್ದಾಣದೆದುರು ಒಂದು ಸೈಬರ್ ಕೆಫೆಯಲ್ಲಿದ್ದೆ. ಪರೀಕ್ಷೆಯ ಫಲಿತಾಂಶ ನೋಡಲು ಬಂದವನೊಬ್ಬ, ತನ್ನ ನಂಬರು ಕಾಣದೆ, ನನ್ನ ಅರ್ಧವಿರಾಮದ (;) ಕೀಯನ್ನು ಉಗುರಿನಿಂದ ಕಿತ್ತು ಜೇಬಿಗಿಳಿಸಿಕೊಂಡು ಹೋದ. ಅಲ್ಲಿ ರಬ್ಬರಿನ ಒಂದು ಮೋಟು ಉಳಿಯಿತು. ಕೆಫೆ ಮುಚ್ಚಿದಾಗ ಹಳೆಯ ಕಂಪ್ಯೂಟರಿನ ಜೊತೆ ನನ್ನನ್ನೂ ಶಶಿರೇಖಾ ಎಂಬವಳು ಅಗ್ಗಕ್ಕೆ ಕೊಂಡು ಮನೆಗೆ ತಂದಳು.

ಅವಳ ಗಂಡ ರೇವಣಸಿದ್ಧನದು ಕಟಿಂಗ್ ಅಂಗಡಿ. ಲಕ್ವ ಹೊಡೆದು ಅವನ ಬಲಗೈ ಸೋತಿತ್ತು. ಅಂಗಡಿಗೆ ಬೀಗ ಬಿದ್ದಿತ್ತು. ಅವನ ಗಡ್ಡ ಎದೆಗಿಳಿದಿತ್ತು. "ಬ್ಯಾರೇದವನ ಕತ್ತಿಗೆ ನಾ ಗಲ್ಲ ಕೊಡಾಂವಲ್ಲ" ಎನ್ನುತ್ತಿದ್ದ. ಕೈಗೆ ವ್ಯಾಯಾಮ ಮಾಡಿಸುವವರು ಕಂಪ್ಯೂಟರಿಗೆ ಒಂದು ಆಟ ಹಾಕಿಕೊಟ್ಟಿದ್ದರು. ಮಾವಿನಹಣ್ಣು ಬೀಳುತ್ತದೆ, ಸರಿಯಾದ ಗಳಿಗೆಗೆ ಬಲಗೈ ಹೆಬ್ಬೆರಳಿನಿಂದ ಸ್ಪೇಸ್ ಬಾರ್ ಒತ್ತಿದರೆ ಬುಟ್ಟಿಗೆ ಬೀಳುತ್ತದೆ. ಮೂರು ನಿಮಿಷದಲ್ಲಿ ನೂರು ಹಣ್ಣು ಹಿಡಿದರೆ ಕತ್ತಿ ಹಿಡಿಯಬಹುದು ಎಂದಿದ್ದರು.

ಅವನು ಹಿಡಿಯುತ್ತಿದ್ದದ್ದು ಮೂವತ್ತೊಂದು. ಮರುದಿನ ಮೂವತ್ತು. ತಿಂಗಳ ಕೊನೆಗೆ ಮತ್ತೆ ಮೂವತ್ತೊಂದು.

ಎಡಗೈ ಚೆನ್ನಾಗಿತ್ತು. ಅಂಕಿ ಏರದ ದಿನ ಅದು ಊಟದ ಗಂಗಾಳ ಎಸೆಯುತ್ತಿತ್ತು, ಅವಳ ಕಪಾಳಕ್ಕೆ ಬೀಳುತ್ತಿತ್ತು. ಗುರಿ ಒಮ್ಮೆಯೂ ತಪ್ಪಿದ್ದಿಲ್ಲ.

ಶಶಿರೇಖಾ ಗಣಿತದಲ್ಲಿ ಎಂ.ಎಸ್ಸಿ. ಮಾಡಿದವಳು. ಪ್ರೋಗ್ರಾಂ ಎಂದೂ ಬರೆದಿರಲಿಲ್ಲ. ಒಂದು ಮಧ್ಯಾಹ್ನ ಗಂಡ ಉಂಡು ಮಲಗಿದಾಗ, ಜೊತೆಯಲ್ಲಿ ಓದಿದ ಫರ್ಜಾನಾಗೆ ಫೋನು ಮಾಡಿ ನನ್ನ ಪಕ್ಕದಲ್ಲಿಟ್ಟಳು.

"ಆಟದಾಗಿನ ಅಂಕಿ ಬದಲ ಮಾಡಬೇಕವ್ವಾ. ಯಾವ ಭಾಷಾ ಕಲೀಲಿ?"

"ಅಂಕಿ ಕಂಪ್ಯೂಟರ್ ನೆನಪಿನಾಗ ಎಲ್ಲೋ ಒಂದ್ಕಡೆ ಕುಂತಿರ್ತೈತಿ. ಅದನ್ನ ನೇರ ಮುಟ್ಟಬೇಕಂದ್ರ ಸಿ ಕಲಿ," ಎಂದಳು ಫರ್ಜಾನಾ. "ಯಾಕ, ಆಟದಾಗ ಸೋತಿಯೇನ?"

"ನಾ ಅಲ್ಲ."

ಸಿ ಭಾಷೆಯಲ್ಲಿ ಹೆಚ್ಚುಕಡಿಮೆ ಪ್ರತಿ ಸಾಲಿನ ಕೊನೆಗೂ ಅರ್ಧವಿರಾಮ ಬೇಕು. ನನ್ನಲ್ಲಿ ಇಲ್ಲದ ಕೀ ಅದೇ. ಬೆಂಕಿಕಡ್ಡಿಯ ತುದಿಯಿಂದ ಆ ರಬ್ಬರಿನ ಮೋಟನ್ನು ಎರಡು ದಿನ ಚುಚ್ಚಿದಳು. ಒಮ್ಮೆ ಬೀಳದು, ಒಮ್ಮೆ ನಾಲ್ಕು ಬೀಳುವುದು. ಮೂರನೆಯ ದಿನ ಮತ್ತೆ ಫೋನು ಮಾಡಿದಳು.

"ಹಂಗಾರ ಪೈಥಾನ್ ಹಿಡಿ," ಎಂದು ಫರ್ಜಾನಾ ನಕ್ಕಳು. "ಅದಕ್ಕ ಸಾಲಿನ ಕೊನಿಗೆ ಏನೂ ಬ್ಯಾಡ. ಸಾಲಿನ ಮೊದಲ ಜಾಗಾ ಬಿಟ್ರ ಸಾಕು. ಜಗತ್ತಿನಾಗ ಕೀ ಮುರದೈತಿ ಅಂತ ಭಾಷಾ ಆರಿಸ್ದಾಕಿ ನೀ ಒಬ್ಬಾಕೀನ ನೋಡು!"

ಅಲ್ಲೂ ಆ ಕೀಯಲ್ಲೇ ಇರುವ ಜೋಡಿಚುಕ್ಕೆ ಎಲ್ಲೋ ಒಂದೊಂದು ಸಾಲಿಗೆ ಬೇಕಿತ್ತು. ಅಷ್ಟಕ್ಕೆ ಕಡ್ಡಿ ಸಾಕಾಯಿತು. ಸಾಲಿನ ಮೊದಲು ಜಾಗ ಬಿಡಲು ನಾಲ್ಕು ಬಾರಿ ಸ್ಪೇಸ್ ಬಾರ್. ಅವನ ಹೆಬ್ಬೆರಳು ಸೋತು ಜಾರುತ್ತಿದ್ದ ಆ ಕೀಯನ್ನೇ ಅವಳ ಹೆಬ್ಬೆರಳು ಟಕಟಕನೆ ಒತ್ತಿತು.

ನಲವತ್ತು ದಿನ ಕಲಿತಳು. ಮೂವತ್ತೊಂದು ಎಂಬ ಅಂಕಿ ನೆನಪಿನಲ್ಲಿ ಎಲ್ಲೆಲ್ಲಿದೆ ಎಂದು ಹುಡುಕಿಸಿದರೆ ಸಾವಿರಾರು ಕಡೆ ಸಿಕ್ಕಿತು. ತಾನೇ ಇನ್ನೊಂದು ಹಣ್ಣು ಹಿಡಿದು, ಅವುಗಳಲ್ಲಿ ಮೂವತ್ತೆರಡಾದದ್ದು ಯಾವುದೆಂದು ಹುಡುಕಿಸಿದಳು. ಹೀಗೆ ಜರಡಿ ಹಿಡಿಯುತ್ತ ಹೋದಂತೆ ಒಂದೇ ಒಂದು ಉಳಿಯಿತು. ಆಮೇಲೆ ಅವನು ಆಡುವಾಗ ಅವಳ ಪ್ರೋಗ್ರಾಮಿನಿಂದ ಅಂಕಿ ತಾನಾಗಿ ಒಂದೊಂದು ಹೆಚ್ಚುತ್ತ ಬಂತು. ಒಮ್ಮೆಲೇ ಅಲ್ಲ. ಮೂವತ್ತೈದು. ನಲವತ್ತೆರಡು. ಅವಳು ಜಾಣೆ.

"ಏ ಶಶೀ, ಐವತ್ತು ಆತು ನೋಡಬಾ!"

"ಹೌದ್ರೀ! ಛಲೋ ಆತು."

ಗಂಗಾಳ ಎಸೆಯುವುದು ನಿಂತಿತು. ಎಡಗೈ ಸುಮ್ಮನಾಯಿತು. ಅರವತ್ತು ದಾಟಿದ ಮೇಲೆ ಅವನು ರಬ್ಬರ್ ಚೆಂಡು ಹಿಸುಕುವುದನ್ನೂ ಬಿಟ್ಟ, ವ್ಯಾಯಾಮಕ್ಕೆ ಹೋಗುವುದನ್ನೂ ಬಿಟ್ಟ. "ಕೈ ತಾನ ಬರಾಕತ್ತೈತಿ" ಎಂದ. ನನಗೆ ಮಾತ್ರ ಗೊತ್ತಿತ್ತು. ಆ ಹೆಬ್ಬೆರಳು ನನ್ನ ಮೇಲೆ ದಿನದಿನಕ್ಕೂ ಹಗುರವಾಗುತ್ತಿತ್ತು.

ಅಂಕಿ ನೂರಾನಾಲ್ಕು ಆದ ಮರುದಿನ ಬೆಳಗ್ಗೆ, ಹದಿನೈದು ವರ್ಷಗಳಿಂದ ಗಿರಾಕಿಯಾಗಿದ್ದ ಗುರುಶಾಂತಪ್ಪ ಮಾಸ್ತರರು ಮನೆಗೇ ಬಂದರು. ಅಂಗಡಿ ತೆರೆಯುವ ಮೊದಲು ಕೈ ನೋಡಲಿ ಎಂದು ರೇವಣಸಿದ್ಧನೇ ಕರೆಸಿದ್ದ.

"ಏನಪಾ ರೇವಣ್ಯಾ, ನೂರು ದಾಟಿತಂತಲ್ಲೊ! ನಮ್ಮ ಗಲ್ಲದ ಪುಣ್ಯಾ."

"ಕುಂಡ್ರಿ ಮಾಸ್ತರ್. ನಿಮ್ಮಿಂದಾನ ಬೋಣಿ."

ನನ್ನ ಮುಂದಿನ ಕುರ್ಚಿಯಲ್ಲಿ ಅವರು ಕೂತರು. ನೊರೆ ಹಚ್ಚಿದ್ದಾಯಿತು. ಶಶಿರೇಖಾ ಬಾಗಿಲಲ್ಲಿ ನಿಂತು, "ಇವತ್ತ ಬ್ಯಾಡ್ರೀ, ಇನ್ನೊಂದ್ ವಾರ ತಡೀರಿ," ಎಂದಳು.

"ಯಾಕ? ಅಂಕಿ ಸುಳ್ಳ ಹೇಳತೈತೇನು?"

ಅವಳು ಅವನ ಎಡಗೈಯನ್ನೊಮ್ಮೆ ನೋಡಿದಳು. ಟವೆಲು ತಂದು ಮಾಸ್ತರರ ಹೆಗಲಿಗೆ ಹಾಕಿದಳು.

ಕತ್ತಿ ಕಿವಿಯ ಕೆಳಗೆ ಜಾರಿತು. ಎರಡು ಹನಿ ರಕ್ತ ನನ್ನ ಮೇಲೆ ಬಿದ್ದವು. ಒಂದು ಕೀಗಳ ಸಂದಿಗೆ ಇಳಿಯಿತು. "ಏನಾಗಿಲ್ಲ ಬಿಡಪಾ, ತರಚೇತಿ ಅಷ್ಟ," ಎನ್ನುತ್ತ ಮಾಸ್ತರರು ಟವೆಲು ಒತ್ತಿಕೊಂಡು ಹೊರಟರು. ಚಪ್ಪಲಿ ಮೆಟ್ಟಲು ಮರೆತರು. ಏಳು ಹೊಲಿಗೆ ಬಿದ್ದವೆಂದು ಸಂಜೆ ತಿಳಿಯಿತು.

"ಖರೇ ಹೇಳು. ಅಂಕಿ ಎಷ್ಟು?" ಎಂದ ರೇವಣಸಿದ್ಧ.

"ಮೂವತ್ತೊಂದ್ರೀ."

"ಮೊದಲಿಂದ?"

"ಮೊದಲಿಂದ. ಕಂಪ್ಯೂಟರ್ ನೆನಪಿನಾಗ ನಾನ ಬರದು ಹೆಚ್ಚು ಮಾಡಿದ್ನಿ."

ಅವಳು ಕಪಾಳ ಒಡ್ಡಿ ನಿಂತಳು. ಎಡಗೈ ಏಳಲಿಲ್ಲ. ಅದು ಬಲಗೈಯನ್ನು ಎತ್ತಿ ತಂದು, ಸತ್ತ ಮೀನನ್ನು ಹಾಕಿದಂತೆ ನನ್ನ ಮೇಲೆ ಹಾಕಿತು.

"ಅದರ ನೆನಪಿನಾಗ ಬರದಿ. ಈ ಕೈಯಾಗೂ ಬರಿ. ನೂರು ಅಂತ ಬರಿ."

ಅವಳು ತನ್ನ ಪ್ರೋಗ್ರಾಂ ಮುಚ್ಚಿ ಬರಿಯ ಆಟ ತೆರೆದಳು. ಅವನ ಹೆಬ್ಬೆರಳನ್ನು ಸ್ಪೇಸ್ ಬಾರ್ ಮೇಲೆ ತಾನೇ ಇಟ್ಟಳು. "ಆಡ್ರಿ," ಎಂದಳು. ಮೂರು ನಿಮಿಷ ಅವನು ಒತ್ತಿದ. ಗಡ್ಡ ನನ್ನ ಮೇಲೆ ಉಜ್ಜುತ್ತಿತ್ತು.

"ಇಪ್ಪತ್ತೇಳು," ಎಂದು ಅವಳು ಓದಿದಳು. ನೂರಾನಾಲ್ಕನ್ನು ಓದಿದ ದನಿಯಲ್ಲೇ ಓದಿದಳು.

ಈಗ ನಾನು ಅಟ್ಟದ ಮೇಲಿದ್ದೇನೆ. ಪಕ್ಕದಲ್ಲಿ ಕತ್ತಿಯ ಪೆಟ್ಟಿಗೆ ಇದೆ. ಪ್ರತಿ ಭಾನುವಾರ ಬೇರೆಯವನೊಬ್ಬ ಬಂದು ಅವನ ಗಡ್ಡ ತೆಗೆಯುತ್ತಾನೆ. ಕರ ಕರ ಸದ್ದು ಇಲ್ಲಿಯವರೆಗೂ ಕೇಳುತ್ತದೆ. ಅವನ ಮೂವತ್ತೊಂದೂ ಅವಳ ನೂರಾನಾಲ್ಕೂ ನನ್ನ ಅದೇ ಸ್ಪೇಸ್ ಬಾರಿನಿಂದ ಹೋದವು. ಎರಡಕ್ಕೂ ನಾನು ಒಂದೇ ಸದ್ದು ಮಾಡಿದೆ. ಸಂದಿಗಿಳಿದ ಆ ಹನಿ ಒಣಗಿ ಸ್ಪೇಸ್ ಬಾರ್ ಅಂಟಿಕೊಂಡಿದೆ. ಇನ್ನು ಯಾರು ಒತ್ತಿದರೂ ಅದು ಕೆಳಗಿಳಿಯುವುದಿಲ್ಲ.